ಹಲಗೆ ಬಾರಿಸದೆ ನೀರು ಬರುವುದಿಲ್ಲ

ತಂಗಿಯ ಮಗಳು ಆ ಮಾತು ಹೇಳಿದಾಗ ನಾನು ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಭಾನುವಾರದ ಮಧ್ಯಾಹ್ನ. ಅವಳು ಯಾದಗಿರಿಯ ಕಾಲೇಜಿನಲ್ಲಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಏನಾದರೂ ಕೇಳುವುದಿದ್ದರೆ ಮೊದಲು ನನ್ನ ಎದುರಿಗೆ ಬಂದು ಕೂತು, ನನ್ನ ಮೊರದಲ್ಲಿನ ಕಲ್ಲು ತಾನೂ ಆರಿಸತೊಡಗುತ್ತಾಳೆ. ಅವತ್ತು ಬಹಳ ಹೊತ್ತು ಆರಿಸಿದಳು.

"ದೊಡ್ಡವ್ವ, ನಾವು ಒಂಬತ್ತು ಮಂದಿ ಹುಡುಗ್ಯಾರು ಸಮುದ್ರದ ದಂಡಿಗುಂಟ ನಡ್ಯಾಕ ಹೊಂಟೀವಿ. ಕಾಲೇಜಿನ ಮೇಡಂ ಒಬ್ರು ಬರ್ತಾರ. ನೀ ಹೂಂ ಅಂದ್ರ ನನ್ನ ಹೆಸರು ಕೊಡ್ತೀನಿ."

ಯಾವ ದಂಡೆ ಎಂದು ಕೇಳಿದೆ. ಹೇಳಿದಳು. ಆ ಹಾದಿಯ ಹೆಸರನ್ನು ನಾನು ಹನ್ನೊಂದು ವರ್ಷದಿಂದ ಬಾಯಿಗೆ ತಂದಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಈಗ ಅದು ಬಹಳ ಹೆಸರಾಗಿದೆಯಂತೆ. ರಾಜ್ಯದ ಎಲ್ಲ ಕಡೆಯಿಂದ ಹುಡುಗರು ಬಂದು, ಬೆನ್ನಿಗೊಂದು ಚೀಲ ಹಾಕಿಕೊಂಡು, ಒಂದು ಮರಳದಂಡೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿದು ನಡೆಯುತ್ತಾರಂತೆ. ಅವಳ ಮೊಬೈಲಿನ ತುಂಬ ಅದರ ಫೋಟೋಗಳಿದ್ದವು. ಒಂದೊಂದಾಗಿ ಸರಿಸಿ ತೋರಿಸಿದಳು. ಕರಿಬಂಡೆಗಳ ಮೇಲೆ ಯಾರೋ ನಾಲ್ಕು ಹುಡುಗಿಯರು ಕೈ ಎತ್ತಿ ನಿಂತಿದ್ದ ಫೋಟೋ ಬಂದಾಗ ನಾನು ಮೊರವನ್ನು ಕೆಳಗಿಟ್ಟೆ.

"ಬ್ಯಾಡ" ಎಂದೆ.

"ನನ್ನ ಅವ್ವ ಹೋದ ಜಾಗಾ ಅದು. ನಾ ಒಮ್ಮೆ ನೋಡಬೇಕು. ನೀ ಬ್ಯಾಡ ಅಂದ್ರ ಬಿಡ್ತೀನಿ, ಆದರ ಯಾಕ ಬ್ಯಾಡ ಅಂತ ಹೇಳು."

ಅವಳ ತಾಯಿ, ಎಂದರೆ ನನ್ನ ತಂಗಿ, ಆ ಬಂಡೆಗಳಲ್ಲಿ ತೀರಿಕೊಂಡಾಗ ಈ ಹುಡುಗಿಗೆ ಎಂಟು ವರ್ಷ. ಅಪ್ಪ ಅನ್ನಿಸಿಕೊಂಡವನು ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ರಾಯಚೂರು ಸೇರಿದ. ಮದುವೆ ಮಾಡಿಕೊಳ್ಳದೆ ಉಳಿದ ನಾನು ಇವಳನ್ನು ಸಾಕಿದೆ. ಒಳ್ಳೆಯ ಮಾತಿನಲ್ಲಿ ಸಾಕಿದೆ ಎಂದು ಹೇಳಲಾರೆ. ನನ್ನ ಬಾಯಿ ಎಂಥದು ಎಂದು ಹತ್ತಿರದ ಸಗರದಲ್ಲಿ ನಾನು ಕಲಿಸುವ ಶಾಲೆಯ ಮಕ್ಕಳನ್ನು ಕೇಳಬೇಕು. ಆದರೆ ಅವಳಿಗೆ ಇಲ್ಲ ಅನ್ನುವ ಹಕ್ಕು ನನಗಿದೆ ಎಂದು ಮಾತ್ರ ಯಾವತ್ತೂ ಅನ್ನಿಸಿಲ್ಲ. ಅದಕ್ಕೆ ಕಾರಣ ನನ್ನೊಬ್ಬಳಿಗೇ ಗೊತ್ತಿತ್ತು.

"ಹೋಗು. ಆದರ ನಾ ಹೇಳಿದಂಗ ಹೋಗಬೇಕು. ನಾನೂ ಬರ್ತೀನಿ" ಎಂದೆ.

ಅವಳು ಬೇಳೆಯಲ್ಲಿದ್ದ ಕೈಯನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದಳು. ನಾನು ಒಪ್ಪುತ್ತೇನೆ ಎಂದು ಅವಳು ಎಣಿಸಿರಲಿಲ್ಲ. ಬರುತ್ತೇನೆ ಎನ್ನುತ್ತೇನೆಂದು ನಾನೂ ಎಣಿಸಿರಲಿಲ್ಲ.

ನಮ್ಮ ತವರು ಸುರಪುರ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ನಮ್ಮ ಅಪ್ಪ ಅಲ್ಲಿ ಹಲಗೆ, ಎಂದರೆ ಚರ್ಮದ ತಮಟೆ, ಬಾರಿಸುತ್ತಿದ್ದ. ಅವನಪ್ಪನೂ ಬಾರಿಸಿದವನೇ. ಊರಿನ ಸಾವಿಗೆ, ಮೆರವಣಿಗೆಗೆ, ಗೌಡರ ಮನೆಯ ಬಾಗಿಲಿಗೆ ನಮ್ಮ ಕೇರಿಯವರ ಹಲಗೆ ಹೋಗಬೇಕು. ಅದು ಕೇಳಿ ಮಾಡಿಸುವ ಕೆಲಸವಲ್ಲ, ಹೇಳಿ ಮಾಡಿಸುವ ಕೆಲಸ. ನಾನು ಆರನೇ ಇಯತ್ತೆಯಲ್ಲಿದ್ದಾಗ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ. ಆ ವಾರ ಕೇರಿಯ ಎಷ್ಟೋ ಮನೆಗಳವರು ತಮ್ಮ ಹಲಗೆಗಳನ್ನು ಒಡೆದು ಒಲೆಗೆ ಹಾಕಿದರು. ಅಪ್ಪ ಒಡೆಯಲಿಲ್ಲ. ಕೇರಿಯ ಹುಡುಗರು ಬಂದು ಕೇಳಿದಾಗ ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಸತ್ತೋರಿಗೆ ಬಾರ್ಸೂದಿಲ್ಲ. ಗೌಡಗ ಬಾರ್ಸೂದಿಲ್ಲ. ನೀರಿಗೆ ಬಾರಸ್ತೀನಿ. ನೀರಿಗೆ ಜಾತಿ ಇಲ್ಲ, ಬಂದ್ರ ಎಲ್ಲಾರನೂ ಒಯ್ತಾವ."

ನಾರಾಯಣಪುರದ ಆಣೆಕಟ್ಟಿನ ಗೇಟು ತೆಗೆಯುವ ಮೊದಲು ಕೆಳಗಿನ ಊರುಗಳಿಗೆ ಸುದ್ದಿ ಬರುತ್ತಿತ್ತು. ಸುದ್ದಿ ಬಂದ ಕೂಡಲೇ ಅಪ್ಪ ಹಲಗೆಯನ್ನು ಒಲೆಯ ಮುಂದೆ ಹಿಡಿದು ಕಾಸುತ್ತಿದ್ದ. ಚರ್ಮ ಕಾದು ಬಿಗಿಯಾದಾಗ ಬೆರಳಿಂದ ಒಮ್ಮೆ ಮೀಟಿ ನೋಡುತ್ತಿದ್ದ. ಆಮೇಲೆ ಹೊಳೆಯ ದಂಡೆಗುಂಟ ಬಾರಿಸುತ್ತ ನಡೆಯುತ್ತಿದ್ದ. ಬಟ್ಟೆ ಒಗೆಯುವ ಹೆಂಗಸರು, ನಡುಗಡ್ಡೆಯಲ್ಲಿ ಎಮ್ಮೆ ಬಿಟ್ಟವರು, ಬಂಡೆಗಳ ನಡುವೆ ಮೀನು ಹಿಡಿಯುವವರು, ಎಲ್ಲರೂ ಆ ಸದ್ದಿಗೆ ಎದ್ದು ಬರುತ್ತಿದ್ದರು. ಹೊಳೆ ಬತ್ತಿದಾಗ ನಾನೂ ತಂಗಿಯೂ ಅದರ ಒಡಲಿನ ಬಂಡೆಗಳ ಮೇಲೆಯೇ ಬೆಳೆದೆವು. ಆಟ, ಊಟ, ಬಾಯಿಪಾಠ ಎಲ್ಲ ಅಲ್ಲಿಯೇ. ನೋಡಿದವರು ಹೆದರಿಸಿದರೆ ತಂಗಿ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: ನಮ್ಮಪ್ಪ ಹಲಗಿ ಬಾರಿಸದ ನೀರು ಬರೂದಿಲ್ಲ.

ಅದು ಖರೆಯೇ ಆಗಿತ್ತು. ಒಂದು ಸಲವೂ ಬರಲಿಲ್ಲ. ನೀರು ಎಂದರೆ ಹೇಳಿ ಬರುವಂಥದು ಎಂದು ನಾವು ನಂಬಿದ್ದು ಹಾಗೆ.

ಮುಂದೆ ನಾನು ಮಾಸ್ತರಿಕೆ ಹಿಡಿದೆ, ತಂಗಿ ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತೆಯಾದಳು. ಅಪ್ಪ ಶಹಾಪುರಕ್ಕೆ ನನ್ನ ಜೊತೆ ಬಂದಾಗ ಹಲಗೆಯನ್ನೂ ತಂದು ಗೋಡೆಗೆ ತೂಗು ಹಾಕಿದ. ಹನ್ನೊಂದು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಾವು ಹನ್ನೊಂದು ಜನ ಹೆಂಗಸರು, ಕೆಲವರು ಶಾಲೆಯವರು, ಕೆಲವರು ಕಚೇರಿಯವರು, ಆ ಕಡಲ ದಂಡೆಗೆ ಹೋದೆವು. ಬಂದದ್ದು ಹತ್ತು ಜನ.

ಬಂದು ನಾನು ಹೇಳಿದ್ದು ಇಷ್ಟು: ಬಂಡೆಯ ಮೇಲೆ ಪಾಚಿ ಇತ್ತು, ತಂಗಿ ಕಾಲು ಜಾರಿದಳು, ತೆರೆ ಎಳೆದುಕೊಂಡಿತು. ನನ್ನ ಜೊತೆ ಬಂದವರು ಮೇಲಿನ ಹಾದಿಯಲ್ಲಿ ಮುಂದೆ ಹೋಗಿದ್ದರು, ಅವರಿಗೂ ಅಷ್ಟೇ ಗೊತ್ತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಅಳಲಿಲ್ಲ. ಒಂದೇ ಮಾತು ಕೇಳಿದ.

"ಅಲ್ಲಿ ಬಾರ್ಸೋರು ಯಾರೂ ಇದ್ದಿಲ್ಲೇನು?"

"ಇದ್ದಿಲ್ಲಪ್ಪ" ಎಂದೆ.

ನಾಲ್ಕು ವರ್ಷದ ಹಿಂದೆ ಅಪ್ಪನೂ ಹೋದ. ಕೊನೆಯವರೆಗೆ ಅವನು ಅದನ್ನೇ ನಂಬಿದ್ದ. ಹೇಳುವವರಿಲ್ಲದ ಊರಿನಲ್ಲಿ ತನ್ನ ಮಗಳು ಹೋದಳು ಎಂದು.

ದೆವ್ವ ಭೂತ ನಂಬುವ ಮನೆಯಲ್ಲ ನಮ್ಮದು. ನಾನೂ ನಂಬುವುದಿಲ್ಲ. ಆದರೂ ತಂಗಿ ಬರುತ್ತಾಳೆ. ನಡುಹಗಲಲ್ಲಿ ಬರುತ್ತಾಳೆ. ಶಾಲೆಯ ಪ್ರಾರ್ಥನೆಯ ಸಾಲಿನ ಹಿಂದೆ, ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ ಕೆಂಭಾವಿಯ ಬಸ್ಸು ನಿಲ್ಲುವ ಕಂಬದ ಪಕ್ಕ. ನನ್ನತ್ತ ನೋಡುವುದಿಲ್ಲ. ಮುಖವನ್ನು ಒಂದು ಕಡೆ ತಿರುಗಿಸಿ, ಕತ್ತನ್ನು ಸ್ವಲ್ಪ ವಾರೆ ಮಾಡಿ ನಿಂತಿರುತ್ತಾಳೆ. ಏನನ್ನೋ ಕೇಳಿಸಿಕೊಳ್ಳುವವರು ನಿಲ್ಲುತ್ತಾರಲ್ಲ, ಹಾಗೆ. ಎರಡು ದಿನಕ್ಕೊಮ್ಮೆ ನಮ್ಮ ನಲ್ಲಿಗೆ ನೀರು ಬಿಡುವ ಮೊದಲು ಕೊಳವೆಯಲ್ಲಿ ಗಾಳಿ ಬುಸುಗುಟ್ಟುತ್ತದೆ. ಆ ಸದ್ದಿಗೆ ನನ್ನ ಎದೆ ಹಗುರಾಗುತ್ತದೆ. ಗಾಳಿ ಬರದೆ ಸುಮ್ಮನೆ ನೀರು ಬಂದುಬಿಟ್ಟ ದಿನ ಕೊಡ ಬಿಟ್ಟು ಹಿಂದೆ ಸರಿಯುತ್ತೇನೆ. ಯಾರಿಗೆ ಹೇಳಿದರೆ ನಂಬುತ್ತಾರೆ?

ಅಂತೂ ತಯಾರಿ ಶುರುವಾಯಿತು. ನಾನು ಒಂದು ನೋಟುಬುಕ್ಕು ಮಾಡಿದೆ. ತಂಗಿಯ ಮಗಳು ತನ್ನ ಮೊಬೈಲಿನಲ್ಲಿ ಉಬ್ಬರ ಇಳಿತದ ಹೊತ್ತುಗಳನ್ನು ತೆಗೆದು ಕೊಟ್ಟಳು, ನಾನು ಬರೆದುಕೊಂಡೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ನಿನ್ನೆಯ ಹೊತ್ತು ಇವತ್ತಿಗಿಲ್ಲ, ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತದೆ. ಇಷ್ಟು ತಿಳಿಯಲು ನನಗೆ ಐವತ್ತು ದಾಟಬೇಕಾಯಿತು. ಮಕ್ಕಳಿಗೆ ಭೂಗೋಳದ ಪುಸ್ತಕದಿಂದ ಈ ಪಾಠವನ್ನು ಎಷ್ಟು ಸಲ ಮಾಡಿದ್ದೆನೋ. ಚಂದ್ರನ ಸೆಳೆತ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು, ಕೆಳಗೆ ಗೆರೆ ಎಳೆದು, ಡಸ್ಟರಿನಿಂದ ಒರೆಸಿ, ಗಂಟೆ ಹೊಡೆದ ಮೇಲೆ ಚಹಾ ಕುಡಿಯಲು ಹೋಗಿದ್ದೆ.

ಉಳಿದ ಎಂಟು ಹುಡುಗಿಯರನ್ನೂ ಅವರ ಮೇಡಮ್ಮನ್ನೂ ಒಂದು ಭಾನುವಾರ ನಮ್ಮ ಮನೆಗೆ ಕರೆಸಿದೆ. ಮೇಡಂ ಸಣ್ಣ ವಯಸ್ಸಿನವಳು, ಮೈಸೂರು ಕಡೆಯವಳು. ನನ್ನ ಮಾತಿಗೆ ಮೊದಮೊದಲು ಬೆಚ್ಚಿದಳು, ಆಮೇಲೆ ನಗತೊಡಗಿದಳು. ಅವರನ್ನು ಮಾಳಿಗೆಯ ಮೇಲೆ ಚಾಪೆ ಹಾಸಿ ಕೂರಿಸಿದೆ. ಅಲ್ಲಿಂದ ಊರಾಚೆಯ ಗುಡ್ಡದಲ್ಲಿ ಮಲಗಿದ ಬುದ್ಧನ ಆಕಾರ ಕಾಣುತ್ತದೆ. ಹೊಸಬಳಾದ ಮೇಡಂ ಅದನ್ನೇ ನೋಡುತ್ತಿದ್ದಳು.

"ಅದು ನಾಳಿನೂ ಅಲ್ಲೇ ಮಲಗಿರ್ತದ, ಈ ಕಡೆ ನೋಡ್ರಿ" ಎಂದೆ.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹೀಲಿನ ಚಪ್ಪಲಿ ತಂದವಳನ್ನು ಹುಬ್ಬಳ್ಳಿಯಲ್ಲೇ ಇಳಿಸುತ್ತೇನೆ, ಕಟ್ಟುವ ಬೂಟು ಬೇಕು. ಒಬ್ಬೊಬ್ಬರಿಗೆ ಎರಡು ಬಾಟಲಿ ನೀರು. ಬಿಸಿಲು ನಮಗೆ ಹೊಸದಲ್ಲ ಎಂದು ಮೆರೆಯಬೇಡಿ, ಅಲ್ಲಿನ ಬಿಸಿಲು ಬೆವರಿಸಿ ಕೊಲ್ಲುತ್ತದೆ. ಆ ಊರಿನವನೊಬ್ಬ ಹಾದಿ ತೋರಿಸುವವನು ಜೊತೆಗಿರಬೇಕು. ಗುಡ್ಡದ ಹಿಂದೆ ಮೊಬೈಲು ಹಿಡಿಯುವುದಿಲ್ಲ, ಆದ್ದರಿಂದ ಎಲ್ಲರ ಕೊರಳಲ್ಲೂ ಒಂದು ಸೀಟಿ. ಬಾವಿಯಲ್ಲಿ ಈಜಿದ್ದೇನೆ ಎಂದು ಯಾರಾದರೂ ಸೊಂಟದ ತನಕ ಇಳಿದರೆ ಕೂದಲು ಹಿಡಿದು ಎಳೆಯುತ್ತೇನೆ. ಒದ್ದೆಯಾದ ಕರಿಬಂಡೆ ಮುಟ್ಟಬೇಡಿ. ಸಮುದ್ರಕ್ಕೆ ಬೆನ್ನು ಮಾಡಿ ಫೋಟೋ ತೆಗೆಸಬೇಡಿ.

ಕೊನೆಗೆ ಮುಖ್ಯವಾದದ್ದು ಹೇಳಿದೆ. ಗುಡ್ಡದ ಮೂಲೆಯಲ್ಲಿ ಬಂಡೆಗಳ ನಡುವೆ ಒಂದು ಹಾದಿ ಇದೆ. ನೀರು ಇಳಿದಾಗ ಮಾತ್ರ ತೆರೆಯುತ್ತದೆ. ನೀರು ಇಳಿಯುತ್ತಿರುವಾಗ ಒಳಗೆ ಹೋಗಬೇಕು, ನೀರು ಅತಿ ದೂರ ಸರಿದು ನಿಂತಾಗಲೇ ಎದ್ದು ಬರಬೇಕು. ಇನ್ನೂ ಎಷ್ಟು ದೂರ ಇದೆಯಲ್ಲ ಎನ್ನಿಸುವ ಹೊತ್ತೇ ಏಳುವ ಹೊತ್ತು.

ಹಿಂದೆ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ನಮ್ಮ ಕಡೆಯವಳೇ, ಹೊಳೆದಂಡೆಯ ಊರಿನವಳು. ಎರಡು ಜಡೆ, ಗಂಭೀರ ಮುಖ.

"ನೀರು ಏರೂಮುಂದ ಸೈರನ್ ಮಾಡ್ತಾರಲ್ರಿ ಟೀಚರ್, ಆವಾಗ ಎದ್ರ ಆಗೂದಿಲ್ಲೇನ್ರಿ?"

ಉಳಿದವರು ನಗಲಿಲ್ಲ. ನಮ್ಮ ಹೊಳೆಗೆ ನೀರು ಬಿಡುವ ಮೊದಲು ಈಗ ಹಲಗೆಯ ಬದಲು ಸೈರನ್ ಕೂಗುತ್ತದೆ, ಅವರಿಗೂ ಅದು ಸರಿಯಾದ ಪ್ರಶ್ನೆ ಎನ್ನಿಸಿತ್ತು. ಮೈಸೂರಿನ ಮೇಡಂ ಒಬ್ಬಳೇ ಅರ್ಥವಾಗದೆ ಇವರ ಮುಖ ಅವರ ಮುಖ ನೋಡಿದಳು. ನಾನು ಉತ್ತರ ಕೊಡಲು ಬಾಯಿ ತೆರೆದೆ. ನೀರಿನ ಟಾಕಿಯ ನೆರಳಿನಲ್ಲಿ ತಂಗಿ ಕತ್ತು ವಾರೆ ಮಾಡಿ ನಿಂತಿದ್ದಳು. ನೋಟುಬುಕ್ಕು ಮುಚ್ಚಿ, ಚಹಾ ಮಾಡುತ್ತೇನೆ ಎಂದು ಕೆಳಗಿಳಿದು ಬಂದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿಯುತ್ತಿದ್ದರೂ ನೋಡುತ್ತ ನಿಂತೆ.

ಹುಡುಗಿಯರು ಹೋದ ಮೇಲೆ ತಂಗಿಯ ಮಗಳು ಒಲೆ ಒರೆಸುತ್ತ, ನನ್ನ ಕಡೆ ತಿರುಗದೆ ಕೇಳಿದಳು.

"ಅವ್ವ ಕಾಲು ಜಾರಿ ಬಿದ್ದಿಲ್ಲ, ಹೌದಿಲ್ಲೋ?"

ಇಷ್ಟು ವರ್ಷ ಆ ಪ್ರಶ್ನೆಗೆ ಹೆದರಿ ಬದುಕಿದ್ದೆ. ಬಂದಾಗ ನೋಡಿದರೆ ಅದು ಇಷ್ಟೇ ಸಣ್ಣದಿತ್ತು. ಕೂತುಕೊಂಡು ಎಲ್ಲ ಹೇಳಿದೆ.

ಅವತ್ತು ಆ ಗುಡ್ಡದ ಮೂಲೆಯಲ್ಲಿ, ಬಂಡೆಗಳಿಗೆ ಇಳಿಯುವ ಜಾಗದ ಮೇಲ್ಗಡೆ, ಒಂದು ಚಹಾದಂಗಡಿ ಇತ್ತು. ತೆಂಗಿನ ಗರಿಯ ಮಾಡು, ಎರಡು ಬೆಂಚು. ಅಂಗಡಿಯ ಹೆಂಗಸು ನಮ್ಮಿಬ್ಬರನ್ನು ತಡೆದು ಹೇಳಿದ್ದಳು: "ನೀರು ಏರೂ ಹೊತ್ತಾಯ್ತು ಅಮ್ಮಾ. ಕೆಳಗೆ ಹೋಗೂದು ಬೇಡ, ಮೇಲಿನ ದಾರಿ ಹಿಡೀರಿ." ಉಳಿದವರು ಆಗಲೇ ಮೇಲಿನ ಹಾದಿಯಲ್ಲಿ ಮುಂದೆ ಹೋಗಿದ್ದರು. ನಾನು ಕೇಳಲಿಲ್ಲ. ಕೆಳಗೆ ನೋಡಿದರೆ ನೀರು ಎಲ್ಲೋ ಇತ್ತು, ಬಂಡೆಗಳು ನಮ್ಮ ಬತ್ತಿದ ಹೊಳೆಯ ಒಡಲಿನಂತೆಯೇ ಒಣಗಿ ಬಿದ್ದಿದ್ದವು. ಚಹಾ ಮಾರಾಕ ಏನರ ಹೇಳ್ತಾಳ ಬಾ ಎಂದು ತಂಗಿಯ ಕೈ ಹಿಡಿದು ಕರೆದುಕೊಂಡು ಇಳಿದೆ. ದೊಡ್ಡದೊಂದು ಬಂಡೆಯ ಮೇಲೆ ಕೂತೆವು. ಸಣ್ಣವರಿದ್ದಾಗ ಕೂತಂತೆ, ಕಾಲು ಇಳಿಬಿಟ್ಟು. ಬಹಳ ಸುಖವಾಗಿತ್ತು. ಅಷ್ಟು ಸುಖವಾಗಿ ನಾವಿಬ್ಬರೂ ಕೂತು ಎಷ್ಟೋ ವರ್ಷವಾಗಿತ್ತು.

ಸ್ವಲ್ಪ ಹೊತ್ತಿಗೆ ತಂಗಿಗೆ ಸಮಾಧಾನ ತಪ್ಪಿತು. ಬಂಡೆಯ ಬುಡದಲ್ಲಿ ಸಣ್ಣಗೆ ನೀರಾಡುತ್ತಿತ್ತು. "ಅಕ್ಕ, ಹೋಗೂನು ಏಳು" ಎಂದು ಎದ್ದಳು. ನಾನು ನಕ್ಕೆ.

"ಅಪ್ಪನ ಹಲಗಿ ಕೇಳಿಸ್ತೇನು? ಇಲ್ಲಲ್ಲ. ಕುಂದ್ರು. ರೊಟ್ಟಿ ಚೀಲ ಮ್ಯಾಲ ಬಿಟ್ಟು ಬಂದೀನಿ, ತರ್ತೀನಿ."

ಅವಳೂ ನಕ್ಕಳು. ಕೂತಳು. ನಾನು ಮೇಲೆ ಹತ್ತಿ ಅಂಗಡಿಯ ಬೆಂಚಿನ ಮೇಲಿದ್ದ ಚೀಲ ತೆಗೆದುಕೊಂಡು, ಅಲ್ಲೇ ಒಂದು ಶೇಂಗಾ ಹೋಳಿಗೆ ಬಾಯಿಗೆ ಹಾಕಿಕೊಂಡು, ತಿರುಗಿ ಬಂದೆ. ತಂಗಿ ಕೂತ ಬಂಡೆಗೂ ನನಗೂ ನಡುವೆ ಇದ್ದ ಹಾದಿ ಇರಲಿಲ್ಲ. ನೀರಿತ್ತು. ಎಲ್ಲಿಂದ ಬಂತು, ಯಾವಾಗ ಬಂತು ಗೊತ್ತಾಗಲಿಲ್ಲ, ಸದ್ದೇ ಇರಲಿಲ್ಲ. ಅವಳು ಎದ್ದು ನಿಂತಿದ್ದಳು. ಸಮುದ್ರ ಅವಳ ಎದುರಿಗಿತ್ತು, ಆದರೆ ಅವಳು ಎದುರಿಗೆ ನೋಡುತ್ತಿರಲಿಲ್ಲ. ಹೊಳೆಯವರು ನೀರು ಬರುವ ಕಡೆ ಎಂದು ಯಾವ ಕಡೆ ನೋಡುತ್ತಾರೋ ಆ ಕಡೆ, ಪಕ್ಕಕ್ಕೆ, ಮೇಲಿನ ದಿಕ್ಕು ಹುಡುಕುವಂತೆ ಮುಖ ತಿರುಗಿಸಿದ್ದಳು. ಕತ್ತು ವಾರೆಯಾಗಿತ್ತು. ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ನಾನು ಹೇಳಿದ್ದೆನಲ್ಲ, ಹಲಗೆ ಕೇಳಿಸಿದರೆ ಏಳಬೇಕೆಂದು.

ತೆರೆ ಎದುರಿನಿಂದ ಬಂತು.

"ಬಾರ್ಸೋರು ಇದ್ರು" ಎಂದು ತಂಗಿಯ ಮಗಳಿಗೆ ಹೇಳಿದೆ. "ಆ ಚಹಾದಾಕಿ ಬಾರ್ಸಿದ್ಳು. ನಾ ಕೇಳಲಿಲ್ಲ. ನಿಮ್ಮಜ್ಜಗ ಸುಳ್ಳು ಹೇಳಿದೆ. ನಿನಗೂ ಹೇಳಿದೆ. ನಿಮ್ಮವ್ವ ಎದ್ದಿದ್ಳು, ನಾನ ಕುಂದ್ರಿಸಿದೆ."

ಅವಳು ಒಲೆ ಒರೆಸುವ ಬಟ್ಟೆಯನ್ನು ಹಿಂಡಿ, ಹರವಿ, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಐದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಮಾಡಿದಳು, ಕಾಲೇಜಿಗೆ ಹೋದಳು, ಬಂದಳು. ಒಂದೇ ಮನೆಯಲ್ಲಿ ಎದುರಿಗೆ ಬಂದರೆ ಸರಿದು ಹಾದಿ ಬಿಟ್ಟಳು. ಬೈದಿದ್ದರೆ ಬೇಕಾಗಿತ್ತು ನನಗೆ. ನನ್ನ ಬಾಯಿಯನ್ನು ಅವಳಿಗೆ ಕಲಿಸಿಲ್ಲವಲ್ಲ ಎಂದು ಮೊದಲ ಸಲ ಪರಿತಪಿಸಿದೆ. ಅವಳು ಮನೆ ಬಿಟ್ಟು ಹೋಗುತ್ತಾಳೆ ಎಂದು ಎರಡು ದಿನ, ಹೋದರೆ ಸರಿಯೇ ಎಂದು ಮೂರು ದಿನ ಅಂದುಕೊಂಡೆ. ನನ್ನ ನೋಟುಬುಕ್ಕನ್ನು ಅವಳ ಮೇಜಿನ ಮೇಲಿಟ್ಟು, ನೀವು ಹೋಗಿ ಬನ್ನಿ, ನಾನು ಬರುವುದಿಲ್ಲ ಎಂದು ಒಂದು ಚೀಟಿ ಬರೆದಿಟ್ಟೆ.

ಆರನೇ ದಿನ ಶಾಲೆಯಿಂದ ಬಂದು ನೋಡಿದರೆ ಪಡಸಾಲೆಯ ಗೋಡೆಯ ಮೇಲೆ ಹಲಗೆ ಇರಲಿಲ್ಲ. ಗೋಡೆಯಲ್ಲಿ ಅದರ ಗುಂಡನೆಯ ಗುರುತು, ಉಳಿದ ಸುಣ್ಣಕ್ಕಿಂತ ಬೆಳ್ಳಗೆ, ಮಾತ್ರ ಉಳಿದಿತ್ತು. ತಂಗಿಯ ಮಗಳು ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ನನ್ನ ಪ್ರಯಾಣದ ಚೀಲದ ಪಕ್ಕ ಇಟ್ಟಿದ್ದಳು. ಕೋಲುಗಳನ್ನೂ ಇಟ್ಟಿದ್ದಳು.

"ನೀನ ಬಾರಿಸಬೇಕು. ನೀ ಬಾರಿಸಿದ್ರ ಏಳ್ತೀವಿ ಅಂತ ಎಲ್ಲಾರಿಗೂ ಹೇಳೀನಿ" ಎಂದಳು.

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹಲಗೆ ಮುಟ್ಟಿದವಳೇ ಅಲ್ಲ. ಅಪ್ಪ ನಮ್ಮ ಕೈಗೆ ಅದನ್ನು ಕೊಡಲೇ ಇಲ್ಲ. ನೀವು ಸೀಮೆಸುಣ್ಣ ಹಿಡೀರಿ ಎನ್ನುತ್ತಿದ್ದ. ಅವನ ನೀರಿನ ಪೆಟ್ಟು ಮಾತ್ರ ಕಿವಿಯಲ್ಲಿತ್ತು. ಮೂರು ದಪ್ಪನೆಯವು, ಒಂದು ಬಿಡುವು, ಮತ್ತೆ ಮೂರು. ಉಳಿದ ದಿನಗಳಲ್ಲಿ ಶಾಲೆಯಿಂದ ಬಂದು ಹಿತ್ತಲಿನಲ್ಲಿ ಕಲಿತೆ. ಪಕ್ಕದ ಮನೆಯ ಕಿರಾಣಿ ಅಂಗಡಿಯವರ ಹೆಂಡತಿ ಗೋಡೆಯ ಮೇಲಿಂದ ಇಣುಕಿ, "ಏನ್ರಿ ಟೀಚರ್, ಯಾರದರ ಲಗ್ನ ಅದ ಏನ್ರಿ?" ಎಂದು ಕೇಳಿದಳು. "ಹೌದ್ರಿ, ನಂದ" ಎಂದೆ.

ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ಒಂದು ಟೆಂಪೊ. ಹಲಗೆಯನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಘಟ್ಟ ಇಳಿಯುತ್ತಿದ್ದಂತೆ ಹುಡುಗಿಯರು ಹಾಡು ಹೇಳತೊಡಗಿದರು, ನಾನು ಕಣ್ಣು ಮುಚ್ಚಿದೆ. ಮರುದಿನ ನಡಿಗೆ. ಎಲ್ಲರ ಕಾಲಲ್ಲಿ ಬೂಟು, ಎಲ್ಲರ ಕೊರಳಲ್ಲಿ ಸೀಟಿ. ಹಾದಿ ತೋರಿಸುವವನು ನನ್ನ ಕೈಯಲ್ಲಿದ್ದ ಗಂಟನ್ನು ನೋಡಿ, ಏನೂ ಕೇಳದೆ ಮುಂದೆ ನಡೆದ. ಮೊದಲ ಗುಡ್ಡದ ಮೇಲೆ ದಣಿವಾರಿಸಿಕೊಳ್ಳುವಾಗ ಸೀರೆ ಬಿಚ್ಚಿ ಒಂದು ಪೆಟ್ಟು ಹಾಕಿ ನೋಡಿದೆ. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ಸದ್ದು ಬಂತು. ಸಮುದ್ರದ ಗಾಳಿಯ ಪಸೆಗೆ ಚರ್ಮ ಜೋತುಬಿದ್ದಿತ್ತು. ನಮ್ಮ ಒಣ ಸೀಮೆಯಲ್ಲಿ ಕಲಿತವಳಿಗೆ ಅದು ಹೊಳೆದೇ ಇರಲಿಲ್ಲ. ಹುಡುಗಿಯರನ್ನು ಮೇಲಿನ ಹಾದಿಯಲ್ಲೇ ಕರೆದೊಯ್ಯೋಣ ಎಂದು ಮೇಡಮ್ಮಿಗೆ ಹೇಳುವವಳಿದ್ದೆ. ಮತ್ತೆ ನಡೆಯತೊಡಗಿದೆವು, ಅಷ್ಟರಲ್ಲಿ ಗುಡ್ಡದ ಮೂಲೆ ಬಂತು. ಚಹಾದಂಗಡಿ ಇತ್ತು. ಗರಿಯ ಬದಲು ತಗಡಿನ ಮಾಡು, ಬೆಂಚು ಅವೇ. ಹೆಂಗಸೂ ಅವಳೇ, ಕೂದಲು ಬೆಳ್ಳಗಾಗಿತ್ತು.

ನಾನು ಅವಳ ಒಲೆಯ ಮುಂದೆ ಹೋಗಿ ನಿಂತೆ. ಅವಳು ನನ್ನ ಮುಖ ನೋಡಿದಳು, ಹಲಗೆ ನೋಡಿದಳು.

"ನೀವು ಆ ವರ್ಷ ಬಂದವರಲ್ವಾ" ಎಂದಳು.

"ಹೌದ್ರಿ. ನೀವು ಹೇಳಿದ್ರಿ. ನಾ ಕೇಳಲಿಲ್ಲ."

ಅವಳು ಚಹಾದ ಪಾತ್ರೆಯನ್ನು ಇಳಿಸಿ ಒಲೆಯನ್ನು ನನಗೆ ಬಿಟ್ಟುಕೊಟ್ಟಳು. ಅಪ್ಪ ಹಿಡಿಯುತ್ತಿದ್ದಂತೆ ಹಲಗೆಯನ್ನು ಬೆಂಕಿಗೆ ಓರೆಯಾಗಿ ಹಿಡಿದು ತಿರುಗಿಸಿದೆ. ಚರ್ಮ ನಿಧಾನವಾಗಿ ಬಿಗಿಯಿತು. ಬೆರಳಿಂದ ಮೀಟಿದೆ, ದನಿ ಬಂದಿತ್ತು. ನೀರು ಇಳಿಯುತ್ತಿತ್ತು. ಹೋಗಿ ಬನ್ನಿ ಎಂದು ಹುಡುಗಿಯರಿಗೆ ಹೇಳಿ, ಎರಡು ಸಲ ಎಣಿಸಿ ಕಳಿಸಿದೆ.

ತಂಗಿಯ ಮಗಳು ಉಳಿದವರಿಂದ ಸ್ವಲ್ಪ ದೂರ ಹೋಗಿ ಒಂದು ದೊಡ್ಡ ಬಂಡೆಯ ಮೇಲೆ ಕೂತಳು. ಅದೇ ಬಂಡೆಯೋ ಅಲ್ಲವೋ ನಾನು ಹೇಳಲಾರೆ. ಅವಳಿಗೆ ನಾನು ತೋರಿಸಿರಲಿಲ್ಲ. ಮೊಣಕಾಲಿಗೆ ಕೈ ಕಟ್ಟಿ, ಎದುರಿಗೆ, ಸಮುದ್ರದ ಕಡೆಗೇ ನೋಡುತ್ತ ಕೂತಿದ್ದಳು. ನಾನು ಗಡಿಯಾರ ನೋಡಿದೆ. ನೋಟುಬುಕ್ಕಿನಲ್ಲಿ ಬರೆದ ಹೊತ್ತಿಗೆ ನೀರು ಬಹಳ ದೂರ ಸರಿದು ನಿಂತಿತ್ತು. ಅಷ್ಟು ದೂರ, ಅಷ್ಟು ಸುಮ್ಮನೆ. ಎದ್ದು ಬರುವುದಕ್ಕೆ ಯಾವ ಕಾರಣವೂ ಕಾಣುತ್ತಿರಲಿಲ್ಲ.

ಬಾರಿಸಿದೆ. ಮೂರು, ಒಂದು ಬಿಡುವು, ಮತ್ತೆ ಮೂರು. ಗುಡ್ಡಕ್ಕೆ ಬಡಿದು ಸದ್ದು ತಿರುಗಿ ಬಂತು. ಯಾವ ಯಾವುದೋ ಊರಿನ ಹುಡುಗರು ಬಂಡೆಗಳ ಮೇಲಿಂದ ತಿರುಗಿ ನೋಡಿದರು. ಅಪ್ಪನ ಕೂಗು ನನ್ನ ಬಾಯಿಗೆ ತಾನಾಗಿ ಬಂತು. "ಕೇಳ್ರವ್ವ ಕೇಳ್ರಿ. ನೀರು ಬರಾಕತ್ತಾವ. ಹೊಳಿಯಾಗ ಇದ್ದೋರು ಎದ್ದು ಮ್ಯಾಲ ಬರ್ರಿ." ಅದು ಹೊಳೆಯಲ್ಲ ಎಂದು ನನಗೆ ಗೊತ್ತಿತ್ತು. ಹುಡುಗಿಯರು ಎದ್ದರು. ಗುರುತಿಲ್ಲದವರೂ ಕೆಲವರು ಎದ್ದರು. ಚಹಾದಂಗಡಿಯ ಹೆಂಗಸು ಹೊರಗೆ ಬಂದು ನನ್ನ ಪಕ್ಕ ನಿಂತು ಕೈ ಬೀಸಿ ಕರೆದಳು. ಎರಡು ಜಡೆಯವಳು ಎಲ್ಲರಿಗಿಂತ ಮೊದಲು ಬಂದಳು. ಒಬ್ಬೊಬ್ಬರಾಗಿ ಹತ್ತಿ ಬಂದರು, ನಾನು ಬಾರಿಸುತ್ತಲೇ ಎಣಿಸಿದೆ. ತಂಗಿಯ ಮಗಳು ಕೊನೆಗೆ ಬಂದಳು.

ನಾನು ನಿಲ್ಲಿಸಲಿಲ್ಲ. ಬಂಡೆಗಳು ಬರಿದಾಗಿದ್ದವು, ನೀರು ಆಗಲೇ ಒಂದೆರಡನ್ನು ಸುತ್ತುವರಿದಿತ್ತು. ಅಂಗೈ ಕಿತ್ತು ರಕ್ತ ಜಿನುಗುತ್ತಿತ್ತು. ಅವಳು ಬಂದು ನನ್ನ ಮುಂಗೈ ಹಿಡಿದಳು.

"ಎಲ್ಲಾರೂ ಬಂದೀವಿ ದೊಡ್ಡವ್ವ. ಒಂಬತ್ತೂ ಮಂದಿ. ಮೇಡಮ್ಮೂ ಬಂದ್ರು. ಸಾಕು."

"ಇನ್ನೊಬ್ಬಾಕಿ ಅದಾಳ" ಎಂದೆ.

ಅವಳು ಕೆಳಗೆ ಬಂಡೆಗಳತ್ತ ನೋಡಿದಳು. ಆಮೇಲೆ ನನ್ನ ಕೈಯಿಂದ ಕೋಲುಗಳನ್ನು ಬಿಡಿಸಿಕೊಂಡು, ಹಲಗೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು, ನಾನು ಬಿಟ್ಟಲ್ಲಿಂದ ತಾನು ಬಾರಿಸತೊಡಗಿದಳು.